ತುಕ್ಕು ಹಿಡಿದ ಡ್ರಮ್, ಗಟ್ಟಿ ಗುಂಡಿ: ಹಳೆಯ ಗೊಬ್ಬರ ಗ್ಯಾಸ್ ರಿಪೇರಿಯ ದಾಖಲೆ

ಗೊಬ್ಬರ ಗ್ಯಾಸ್ ನಿಂತುಹೋಯಿತು ಎಂದರೆ ಹೆಚ್ಚಾಗಿ ಡ್ರಮ್ ತೂತು ಬಿದ್ದಿರುತ್ತದೆ, ಇಲ್ಲವೇ ಪೈಪಿನಲ್ಲಿ ನೀರು ಕಟ್ಟಿರುತ್ತದೆ. ಗುಂಡಿ ಕೆಡುವುದು ಅಪರೂಪ. ಕಾಸರಗೋಡಿನ ಪೆರ್ಲ, ಬದಿಯಡ್ಕ, ನೀರ್ಚಾಲು, ಮುಳ್ಳೇರಿಯ ಕಡೆಯ ತೋಟದ ಮನೆಗಳಲ್ಲಿ ಹಟ್ಟಿಯ ಹಿಂದೆ ಹೋಗಿ ನೋಡಿದರೆ ಆ ಕಾಲದ ಗುಂಡಿಗಳು ಈಗಲೂ ಸಿಗುತ್ತವೆ. ಕೆಲವಕ್ಕೆ ಸೋಗೆ, ಮಡಲು ತುಂಬಿಸಿದ್ದಾರೆ. ಕೆಲವಕ್ಕೆ ಕಾಂಕ್ರೀಟ್ ಹಲಗೆ ಮುಚ್ಚಿದ್ದಾರೆ. ಮನೆ ಬಾಗಿಲಿಗೆ ಸಿಲಿಂಡರ್ ಬರಲು ಶುರುವಾದ ಮೇಲೆ, ಡ್ರಮ್ಮಿಗೆ ತುಕ್ಕು ಹಿಡಿದಾಗ ಯಾರೂ ಹೊಸತು ಮಾಡಿಸಲಿಲ್ಲ ಅಷ್ಟೆ. ಗುಂಡಿ ಮಾತ್ರ ಕಟ್ಟಿದ ಹಾಗೆಯೇ ಇದೆ. ನಮ್ಮ ಮನೆಯದ್ದನ್ನು ಈ ಬೇಸಗೆಯಲ್ಲಿ ಮತ್ತೆ ಉರಿಯುವ ಹಾಗೆ ಮಾಡಿದೆವು. ಏನು ನೋಡಿದೆವು, ಏನು ಬದಲಿಸಿದೆವು, ಯಾಕೆ ಎಂಬುದನ್ನು ವಿವರವಾಗಿ ಬರೆಯುತ್ತಿದ್ದೇನೆ. ಹಟ್ಟಿಯ ಹಿಂದೆ ಅಂಥದೊಂದು ಗುಂಡಿ ಇರುವವರಿಗೆ ಇದು ಪ್ರಯೋಜನಕ್ಕೆ ಬರಬೇಕು.

ನಮ್ಮದು ತೇಲುವ ಡ್ರಮ್ಮಿನ ಮಾದರಿ: ಗುಂಡಿಯ ಬಗ್ಗಡದ ಮೇಲೆ ಕವುಚಿಟ್ಟ ಡ್ರಮ್ಮಿನೊಳಗೆ ಗ್ಯಾಸ್ ಸೇರುತ್ತದೆ. ಜಶಭಾಯಿ ಪಟೇಲರು 1950ರ ದಶಕದಲ್ಲಿ ರೂಪಿಸಿದ ವಿನ್ಯಾಸವನ್ನು ಖಾದಿ ಗ್ರಾಮೋದ್ಯೋಗ ಆಯೋಗ ಮುಂದಿನ ದಶಕದಲ್ಲಿ ದೇಶದ ಉದ್ದಗಲಕ್ಕೆ ಒಯ್ದಿತು. 1981-82ರಲ್ಲಿ ಗೊಬ್ಬರ ಗ್ಯಾಸಿಗೆಂದು ಕೇಂದ್ರ ಸರಕಾರದ ರಾಷ್ಟ್ರೀಯ ಯೋಜನೆ ಶುರುವಾದಾಗ ಸಬ್ಸಿಡಿ ಸಿಕ್ಕಿ ನಮ್ಮ ಊರಿನ ಸುತ್ತ ಹಲವು ಮನೆಗಳಲ್ಲಿ ಗುಂಡಿ ತೋಡಿದರು. ಕಾಸರಗೋಡು ಆಗ ಜಿಲ್ಲೆಯೇ ಆಗಿರಲಿಲ್ಲ, ಕಣ್ಣೂರಿನ ಒಂದು ತಾಲೂಕು. ಜಿಲ್ಲೆಯಾದದ್ದು 1984ರಲ್ಲಿ. ಅಜ್ಜನ ಕಾಲದಲ್ಲಿ ಹಟ್ಟಿ ತುಂಬ ದನಗಳಿದ್ದವು, ಅದಕ್ಕೆ ತಕ್ಕ ಗಾತ್ರ ಆರಿಸಿದ್ದಾರೆ: ಬಾವಿಯ ಹಾಗೆ ಉರುಟಾದ ಗುಂಡಿ, ಅಡ್ಡ 1.6 ಮೀಟರ್, ಆಳ 2.1 ಮೀಟರ್. ಸುಮಾರು 4,200 ಲೀಟರ್ ಹಿಡಿಯುತ್ತದೆ. ನಡುವೆ ಒಂದು ಗೋಡೆ. ಒಂದು ಬದಿಯ ತಳಕ್ಕೆ ಸೆಗಣಿ ನೀರು ಇಳಿಯುತ್ತದೆ, ಗೋಡೆಯ ಮೇಲಿನಿಂದ ದಾಟಿ ಇನ್ನೊಂದು ಬದಿಗೆ ಬಂದು ಹೊರಗೆ ಹೋಗುತ್ತದೆ. ಇಂದು ಹಾಕಿದ ಸೆಗಣಿ ಅಡ್ಡದಾರಿಯಲ್ಲಿ ಇಂದೇ ಹೊರಗೆ ಹೋಗದಿರಲಿ ಎಂದು ಈ ವ್ಯವಸ್ಥೆ. ಗಾಳಿ ತಾಗದ ಆ ಕತ್ತಲಲ್ಲಿ ಸೂಕ್ಷ್ಮಜೀವಿಗಳು ಸೆಗಣಿಯನ್ನು ಮೊದಲು ಹುಳಿಯಾಗಿಸುತ್ತವೆ, ಬೇರೊಂದು ಗುಂಪು ಆ ಹುಳಿಯನ್ನು ತಿಂದು ಮೀಥೇನ್ ಬಿಡುತ್ತದೆ. ಹೊರಬರುವ ಅನಿಲದಲ್ಲಿ ನೂರಕ್ಕೆ 55ರಿಂದ 65 ಪಾಲು ಮೀಥೇನ್, ಉಳಿದದ್ದು ಹೆಚ್ಚಿನಂಶ ಇಂಗಾಲದ ಡೈಆಕ್ಸೈಡ್, ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಚೂರು.

ಮೊದಲು ಗುಂಡಿಯನ್ನು ಪರೀಕ್ಷಿಸಬೇಕು, ಅದಕ್ಕೆ ಅದನ್ನು ಖಾಲಿ ಮಾಡಬೇಕು. ಈ ಕೆಲಸ ಬೇಸಗೆಯದ್ದು. ಮಳೆಗಾಲದಲ್ಲಿ ನಮ್ಮ ಮಣ್ಣು ನೀರು ಕುಡಿದು ಊದಿರುತ್ತದೆ, ಹೊರಗಿನ ನೀರಿನ ಒತ್ತಡಕ್ಕೆ ಒಳಗೆ ಎದುರು ಒತ್ತಡ ಇಲ್ಲದಿದ್ದರೆ ಗೋಡೆ ಒಳಕ್ಕೆ ತಳ್ಳಿಕೊಂಡು ಬಿರುಕು ಬಿಡಬಹುದು, ತಳ ಮೇಲೇಳಬಹುದು. ಮಾರ್ಚ್ ಕಳೆದ ಮೇಲೆ ಬಾವಿಯ ನೀರು ಇಳಿದಾಗ ಮಾಡಿದರೆ ಆ ಭಯ ಇಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಗುಂಡಿಯೊಳಗೆ ಯಾರೂ ಇಳಿಯಬಾರದು. ವರ್ಷಗಟ್ಟಲೆ ಮುಚ್ಚಿದ್ದ ಗುಂಡಿಯಲ್ಲೂ ಕೆಸರನ್ನು ಕಲಕಿದ ಕೂಡಲೇ ಅಡಗಿದ್ದ ಅನಿಲ ಒಮ್ಮೆಲೇ ಏಳುತ್ತದೆ. ಸಲ್ಫೈಡ್ ಹೆಚ್ಚಿದ್ದರೆ ಮೂಗು ಮೊದಲೇ ಮರಗಟ್ಟಿ ವಾಸನೆಯೇ ಗೊತ್ತಾಗುವುದಿಲ್ಲ, ಮನುಷ್ಯ ನಿಂತಲ್ಲೇ ಬೀಳುತ್ತಾನೆ. ಅವನನ್ನು ಎತ್ತಲು ಹೋದವನೂ ಬೀಳುತ್ತಾನೆ. ಬಾವಿಗೆ ಇಳಿಯುವ ಮೊದಲು ದೀಪ ಇಳಿಸಿ ನೋಡುವ ಹಳೆಯ ಕ್ರಮ ನಮ್ಮಲ್ಲಿದೆ. ಗೊಬ್ಬರ ಗ್ಯಾಸಿನ ಗುಂಡಿಗೆ ಅದನ್ನು ಮಾಡಲೇಬಾರದು. ಮೀಥೇನ್ ಇದ್ದರೆ ದೀಪವೇ ಸ್ಫೋಟಕ್ಕೆ ಕಾರಣ. ಮನುಷ್ಯನನ್ನು ಕೊಲ್ಲುವಷ್ಟು ಸಲ್ಫೈಡ್ ಇದ್ದರೂ ದೀಪ ಆರದೆ ಉರಿಯುತ್ತಿರಬಹುದು. ಹಾಗಾಗಿ ನಾವು ಎಲ್ಲವನ್ನೂ ಮೇಲಿನಿಂದಲೇ ಮಾಡಿದೆವು. ಡ್ರಮ್ ಎತ್ತಿ ಬದಿಗಿಟ್ಟು ಗುಂಡಿಯನ್ನು ಹಲವು ದಿನ ತೆರೆದಿಟ್ಟೆವು. ಸುತ್ತ ಬೆಂಕಿ, ಬೀಡಿ ಯಾವುದೂ ಇರದ ಹಾಗೆ ನೋಡಿಕೊಂಡೆವು. ಮೇಲೆ ಕಟ್ಟಿದ್ದ ಗಟ್ಟಿ ಪದರವನ್ನು ಅಡಿಕೆ ಕೊಯ್ಯುವ ದೋಟಿಯ ತುದಿಗೆ ಕೊಕ್ಕೆ ಕಟ್ಟಿ ಎಳೆದು ತೆಗೆದದ್ದಾಯಿತು. ಕೆಳಗಿನ ತೆಳು ಬಗ್ಗಡವನ್ನು ಸ್ಲರಿ ಪಂಪಿನಲ್ಲಿ ತೋಟಕ್ಕೆ ಬಿಟ್ಟು, ಮತ್ತೆ ನೀರು ತುಂಬಿಸಿ ಕಲಕಿ ಮತ್ತೆ ಪಂಪ್ ಮಾಡಿದೆವು. ತಳದಲ್ಲಿ ಉಳಿದ ಮರಳು, ಸಣ್ಣ ಕಲ್ಲುಗಳನ್ನು ಹಗ್ಗ ಕಟ್ಟಿದ ಬಕೆಟಿನಲ್ಲಿ ಮೊಗೆದೆವು. ಹಟ್ಟಿ ಗುಡಿಸುವಾಗ ಸೆಗಣಿಯ ಜೊತೆ ಬರುವ ಮಣ್ಣೆಲ್ಲ ಕೊನೆಗೆ ಹೋಗಿ ಕೂರುವುದು ಅಲ್ಲಿ. ನಮ್ಮ ಗುಂಡಿಯಲ್ಲಿ ಅದು ಮೊಣಕಾಲೆತ್ತರ ಕಟ್ಟಿತ್ತು, ಅಂದರೆ ಗುಂಡಿಯ ಸುಮಾರು ಕಾಲು ಭಾಗ ಉಪಯೋಗಕ್ಕೇ ಇರಲಿಲ್ಲ.

ಸೋರಿಕೆಯ ಪರೀಕ್ಷೆ ಸುಲಭ. ನೀರು ತುಂಬಿಸಿ, ಗೋಡೆ ನೀರು ಹೀರಿಕೊಳ್ಳಲು ಒಂದು ದಿನ ಬಿಟ್ಟು, ಮತ್ತೆ ಅಂಚಿನವರೆಗೆ ತುಂಬಿಸಿ ಸುಣ್ಣದಲ್ಲಿ ಗೆರೆ ಎಳೆದು ಮರುದಿನ ನೋಡುವುದು. ಬಿಸಿಲಿಗೆ ಆರಿದ್ದು ಎಷ್ಟೆಂದು ತಿಳಿಯಲು ಪಕ್ಕದಲ್ಲಿ ನೀರು ತುಂಬಿದ ಒಂದು ಬಕೆಟ್ ಇಟ್ಟು ಹೋಲಿಸಿದೆವು. ಎರಡರಲ್ಲೂ ಇಳಿದದ್ದು ಒಂದೇ ಪ್ರಮಾಣ. ನಲವತ್ತು ವರ್ಷ ಹಿಂದಿನ ಮುರಕಲ್ಲಿನ ಗೋಡೆ, ಒಳಗೆ ಸಿಮೆಂಟಿನ ಗಾರೆ, ಒಂದು ಬಿರುಕಿಲ್ಲ. ಕಟ್ಟಿದ ಮೇಸ್ತ್ರಿ ಈಗ ಇಲ್ಲ. ಅವರ ಕೆಲಸದ ಬಗ್ಗೆ ನನಗೆ ತುಂಬ ಗೌರವ.

ಡ್ರಮ್ಮಿನ ಸ್ಥಿತಿ ಬೇರೆ. ಕಬ್ಬಿಣದ ಡ್ರಮ್ ಮೊದಲು ಕೆಡುವುದು ಬಗ್ಗಡದ ಮಟ್ಟ ತಾಗುವ ಪಟ್ಟಿಯಲ್ಲಿ. ಗ್ಯಾಸ್ ತುಂಬಿದಾಗ ಡ್ರಮ್ ಮೇಲೇಳುತ್ತದೆ, ಅಡುಗೆ ಆದ ಮೇಲೆ ಇಳಿಯುತ್ತದೆ, ಆ ಪಟ್ಟಿ ದಿನವೂ ಒದ್ದೆಯಾಗಿ ದಿನವೂ ಒಣಗುತ್ತದೆ. ಒಳಗಿನಿಂದ ಸಲ್ಫೈಡ್ ತಿನ್ನುತ್ತದೆ. ಪ್ರತಿ ವರ್ಷ ತುಕ್ಕು ಕೆರೆದು ಬಣ್ಣ ಬಳಿದರೆ ಬಾಳಿಕೆ ಬರುತ್ತದೆ, ನಮ್ಮಲ್ಲಿ ಬಳಿಯುವವರಿಲ್ಲದೆ ಎಷ್ಟೋ ಕಾಲ ಆಗಿತ್ತು. ಡ್ರಮ್ಮನ್ನು ಅಂಗಳಕ್ಕೆ ಉರುಳಿಸಿ ಚೆನ್ನಾಗಿ ತೊಳೆದು ವೆಲ್ಡರನ್ನು ಕರೆಸಿದೆ. ಅವರು ಸುತ್ತಿಗೆಯಿಂದ ಸುತ್ತಲೂ ಮೆಲ್ಲನೆ ಬಡಿಯುತ್ತಾ ಹೋದರು. ಒಂದು ಕಡೆ ಟಣ್ ಎನ್ನುತ್ತಿದ್ದ ತಗಡು ಆ ಪಟ್ಟಿಯಲ್ಲಿ ಸದ್ದೇ ಕೊಡಲಿಲ್ಲ.

"ಅಣ್ಣ, ಇದಕ್ಕೆ ಪ್ಯಾಚ್ ಹಾಕಿದರೆ ನಿಲ್ಲುವುದಿಲ್ಲ. ಒಂದು ತೂತು ಮುಚ್ಚುವಾಗ ಬದಿಯಲ್ಲಿ ಎರಡು ಆಗ್ತದೆ. ನಿಮ್ಮ ದುಡ್ಡು ಸುಮ್ಮನೆ ಹಾಳು ಮಾರಾಯ್ರೆ" ಎಂದರು. ಅವರ ಮಾತು ಸರಿ. ಒಂದೆರಡು ತೂತು ಮಾತ್ರ ಇದ್ದು ತಗಡು ದಪ್ಪ ಇದ್ದರೆ ವೆಲ್ಡಿಂಗ್ ಮಾಡಿಸಬಹುದು. ಆದರೆ ಡ್ರಮ್ ಗುಂಡಿಯ ಮೇಲಿರುವಾಗ ವೆಲ್ಡಿಂಗ್ ಕಿಡಿ ಹತ್ತಿರಕ್ಕೂ ತರಬಾರದು. ಎತ್ತಿ ದೂರ ಒಯ್ದು, ತೊಳೆದು, ಗಾಳಿಗಿಟ್ಟು ಆಮೇಲೆ ಮಾಡಬೇಕು.

ಹೊಸ ಡ್ರಮ್ ಫೈಬರಿನದ್ದು. ಹಳೆಯದರ ಅಳತೆಯನ್ನೇ ಕೊಟ್ಟು ಮಾಡಿಸಿದೆ: ಅಡ್ಡ 1.5 ಮೀಟರ್, ಎತ್ತರ 1 ಮೀಟರ್, ನಡುವೆ ಹಳೆಯ ಗೈಡ್ ಪೈಪ್ (ಡ್ರಮ್ ವಾಲದೆ ಏರಿಳಿಯಲು ಗುಂಡಿಯ ನಡುವೆ ನಿಲ್ಲಿಸಿದ್ದು) ನುಸುಳುವ ಹಾಗೆ ಕೊಳವೆ, ಒಳಗೆ ಮೇಲಿನ ಪದರ ಒಡೆಯಲು ಅಡ್ಡಪಟ್ಟಿಗಳು. ಆ ಅಡ್ಡಪಟ್ಟಿಗಳು ಬೇಕೇ ಬೇಕೆಂದು ಹಟ ಹಿಡಿಯಬೇಕು. ದಿನಕ್ಕೊಮ್ಮೆ ಡ್ರಮ್ಮನ್ನು ಎಡಕ್ಕೂ ಬಲಕ್ಕೂ ತಿರುಗಿಸಿದರೆ ಹುಲ್ಲಿನ ಚೂರು ಸೇರಿ ಕಟ್ಟುವ ಪದರವನ್ನು ಅವು ಒಡೆಯುತ್ತವೆ. ಪದರ ಕಟ್ಟಿದರೆ ಕೆಳಗೆ ಹುಟ್ಟಿದ ಗ್ಯಾಸ್ ಮೇಲೆ ಬರಲು ದಾರಿ ಇರುವುದಿಲ್ಲ. ಇಡೀ ರಿಪೇರಿಯ ಖರ್ಚಿನಲ್ಲಿ ಮುಕ್ಕಾಲು ಪಾಲು ಹೋದದ್ದು ಈ ಡ್ರಮ್ಮಿಗೆ. ಉಳಿದದ್ದೆಲ್ಲ ಪೈಪು, ವಾಲ್ವು, ಕೂಲಿ.

ಫೈಬರ್ ಡ್ರಮ್ ಹಾಕಿದವರಲ್ಲಿ ಹಲವರು ಹೇಳುವ ದೂರು ಒಂದಿದೆ: ಗ್ಯಾಸ್ ಬೇಕಾದಷ್ಟಿದೆ, ಉರಿ ಮಾತ್ರ ಸೋಮಾರಿ. ಕಾರಣ ತೂಕ. ತೇಲುವ ಡ್ರಮ್ಮಿನಲ್ಲಿ ಒತ್ತಡ ಕೊಡುವುದು ಡ್ರಮ್ಮಿನ ಭಾರವೇ, ಬೇರೆ ಏನೂ ಅಲ್ಲ. ಭಾರವನ್ನು ಡ್ರಮ್ಮಿನ ಮೇಲ್ಮುಖದ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ಸಿಗುತ್ತದೆ. ನಮ್ಮ ಡ್ರಮ್ಮಿನ ವಿಸ್ತೀರ್ಣ ಸುಮಾರು 1.77 ಚದರ ಮೀಟರ್. ಎರಡೂವರೆ ಮಿಲಿಮೀಟರ್ ತಗಡಿನ ಕಬ್ಬಿಣದ ಡ್ರಮ್, ಒಳಗಿನ ಕಟ್ಟುಪಟ್ಟಿ ಸೇರಿ, ಹೊಸತಿರುವಾಗ 170 ಕಿಲೋ ಹತ್ತಿರ ಇದ್ದಿರಬೇಕು. ಅದಕ್ಕೆ ಒಂಬತ್ತೂವರೆ ಸೆಂಟಿಮೀಟರ್ ನೀರಿನ ಎತ್ತರದಷ್ಟು ಒತ್ತಡ ಬರುತ್ತದೆ. ಫೈಬರಿನದ್ದು ಅಡಿಕೆ ತೂಗುವ ಯಂತ್ರದ ಮೇಲೆ ಇಟ್ಟಾಗ 80 ಕಿಲೋ. ಒತ್ತಡ ಅರ್ಧಕ್ಕಿಂತ ಕಡಿಮೆ, ನಾಲ್ಕೂವರೆ ಸೆಂಟಿಮೀಟರ್. ಗೊಬ್ಬರ ಗ್ಯಾಸಿನ ಒಲೆಗೆ ಎಂಟರಿಂದ ಹತ್ತು ಸೆಂಟಿಮೀಟರ್ ಬೇಕು.

ಪರಿಹಾರಕ್ಕೆ ದುಡ್ಡು ಬೇಡ. ಇನ್ನು 80 ಕಿಲೋ ಭಾರ ಮೇಲಿಟ್ಟರೆ ಒತ್ತಡ ಒಂಬತ್ತಕ್ಕೆ ಏರುತ್ತದೆ. ಹಿತ್ತಿಲಿನಲ್ಲಿ ಬಿದ್ದಿದ್ದ ಮೂರು ಮುರಕಲ್ಲುಗಳನ್ನು ತೂಗಿ, ಕೆಳಗೆ ಹಳೆಯ ಟ್ಯೂಬಿನ ರಬ್ಬರ್ ಹಾಸಿ, ಗೈಡ್ ಪೈಪಿನ ಸುತ್ತ ಸಮ ಅಂತರದಲ್ಲಿ ಇಟ್ಟು ಹಗ್ಗದಿಂದ ಬಿಗಿದೆವು. ಒಂದೇ ಬದಿಗೆ ಇಟ್ಟರೆ ಡ್ರಮ್ ವಾಲಿ ಗೈಡ್ ಪೈಪಿಗೆ ಕಚ್ಚಿಕೊಳ್ಳುತ್ತದೆ. ಒತ್ತಡ ಅಳೆಯಲು ಪಾರದರ್ಶಕ ಪ್ಲಾಸ್ಟಿಕ್ ನಳಿಗೆಯನ್ನು ಯು ಆಕಾರದಲ್ಲಿ ಹಲಗೆಗೆ ಹೊಡೆದು ಅರ್ಧಕ್ಕೆ ನೀರು ತುಂಬಿಸಿದೆ. ಒಂದು ಬಾಯಿ ಗ್ಯಾಸ್ ಪೈಪಿಗೆ, ಇನ್ನೊಂದು ಬಯಲಿಗೆ. ಎರಡು ಕಡೆಯ ನೀರಿನ ಮಟ್ಟದ ವ್ಯತ್ಯಾಸವೇ ಒತ್ತಡ. ಅಡುಗೆಮನೆಯ ಗೋಡೆಗೆ ಈ ಹಲಗೆ ಹೊಡೆದದ್ದರಿಂದ ನನಗೆ ಆದ ಉಪಕಾರ ದೊಡ್ಡದು. ಉರಿ ಕುಗ್ಗಿದಾಗ ನಳಿಗೆ ನೋಡಿದರೆ ಸಾಕು. ವ್ಯತ್ಯಾಸ ಒಂಬತ್ತೇ ಇದ್ದರೆ ತೊಂದರೆ ಒಲೆಯದ್ದು. ಕಡಿಮೆ ಇದ್ದರೆ ಪೈಪಿನದ್ದು ಅಥವಾ ಡ್ರಮ್ಮಿನದ್ದು. ಕುಣಿಯುತ್ತಿದ್ದರೆ ಪೈಪಿನಲ್ಲಿ ನೀರು.

ಪೈಪಿನ ನೀರಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಸುಸ್ಥಿತಿಯಲ್ಲಿದ್ದ ಎಷ್ಟೋ ಸ್ಥಾವರಗಳನ್ನು ಜನ ಕೈಬಿಟ್ಟದ್ದು ಇದೊಂದೇ ಕಾರಣಕ್ಕೆ ಎಂದು ನನಗನಿಸುತ್ತದೆ. ಗುಂಡಿಯಿಂದ ಬರುವ ಗ್ಯಾಸಿನಲ್ಲಿ ನೀರಿನ ಆವಿ ತುಂಬಿರುತ್ತದೆ. ಪೈಪಿನಲ್ಲಿ ತಣ್ಣಗಾದಾಗ ಅದು ಹನಿಯಾಗಿ ತಗ್ಗಿನಲ್ಲಿ ನಿಲ್ಲುತ್ತದೆ. ಒತ್ತಡ ಇರುವುದೇ ಒಂಬತ್ತು ಸೆಂಟಿಮೀಟರ್ ನೀರಿನಷ್ಟು. ಆದ್ದರಿಂದ ಪೈಪು ಎಲ್ಲಾದರೂ ಗೇಣು ತಗ್ಗಿ ಅಲ್ಲಿ ನೀರು ತುಂಬಿದರೆ ಗ್ಯಾಸ್ ಅದನ್ನು ತಳ್ಳಿ ದಾಟಲಾರದು. ಡ್ರಮ್ ತುಂಬಿ ಎದ್ದು ನಿಂತಿದೆ, ಒಲೆಯಲ್ಲಿ ಉಸಿರಿಲ್ಲ. ಮನೆಯವರು ಗ್ಯಾಸ್ ಸತ್ತಿತು ಎಂದುಕೊಳ್ಳುತ್ತಾರೆ.

ನಮ್ಮ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪನ್ನು ಅಗೆದು ತೆಗೆದಾಗ ಹಟ್ಟಿಯಿಂದ ಅಡುಗೆಮನೆಗೆ ಬರುವ ದಾರಿಯಲ್ಲಿ, ಹಲಸಿನ ಮರದ ಬೇರಿನ ಹತ್ತಿರ, ಅದು ಬಿಲ್ಲಿನಂತೆ ಬಾಗಿತ್ತು. ಕತ್ತರಿಸಿದಾಗ ಕೆಂಪು ನೀರು ಸುರಿಯಿತು. ಹೊಸ ಪೈಪು ಒಂದು ಇಂಚಿನ ಎಚ್‌ಡಿಪಿಇ ಪ್ಲಾಸ್ಟಿಕಿನದ್ದು. ಇದಕ್ಕಿಂತ ಸಪೂರ ಹಾಕಿದರೆ ಎರಡು ಒಲೆ ಒಟ್ಟಿಗೆ ಹಚ್ಚಿದಾಗ ಒತ್ತಡ ಸೋರಿಹೋಗುತ್ತದೆ. ಮಣ್ಣಿನಡಿ ಹೂಳಲಿಲ್ಲ. ಕಲ್ಲಿನ ಕಂಬಗಳ ಮೇಲೆ, ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರಿನಲ್ಲಿ, ಎರಡೂ ಕಡೆಯಿಂದ ಒಂದೇ ತಗ್ಗಿನ ಜಾಗಕ್ಕೆ ನೀರು ಹರಿದು ಬರುವ ಹಾಗೆ ಎಳೆದೆವು. ಬಿಸಿಲು ಬೀಳುವಲ್ಲಿ ಅಡಿಕೆ ಹಾಳೆ ಸುತ್ತಿ ಕಟ್ಟಿದೆವು. ಹಾಳೆ ನಮ್ಮಲ್ಲಿ ಬೇಕಾದಷ್ಟು ಇದೆ, ಹರಿದಾಗ ಬದಲಿಸಿದರಾಯಿತು. ಆ ತಗ್ಗಿನಲ್ಲಿ ಟಿ ಜೋಡಣೆ ಹಾಕಿ ಅದರ ಕೆಳಗಿನ ಕಾಲನ್ನು ಉದ್ದನೆಯ ಬಾಟಲಿಯ ನೀರಿನಲ್ಲಿ 30 ಸೆಂಟಿಮೀಟರ್ ಮುಳುಗಿಸಿ ಇಟ್ಟಿದ್ದೇವೆ. ಪೈಪಿನಲ್ಲಿ ಕಟ್ಟಿದ ನೀರು ತಾನಾಗಿ ಬಾಟಲಿಗೆ ಇಳಿದು, ಹೆಚ್ಚಾದದ್ದು ಬಾಯಿಯಿಂದ ಹೊರಚೆಲ್ಲುತ್ತದೆ. ಗ್ಯಾಸಿನ ಒತ್ತಡ ಒಂಬತ್ತೇ ಆದ್ದರಿಂದ 30 ಸೆಂಟಿಮೀಟರ್ ನೀರನ್ನು ಸೀಳಿ ಅದು ಹೊರಬರುವುದಿಲ್ಲ. ಕೈಯಿಂದ ವಾಲ್ವ್ ತಿರುಗಿಸಿ ನೀರು ಬಿಡುವ ಕೆಲಸವೇ ಇಲ್ಲ. ಕಡು ಬೇಸಗೆಯಲ್ಲಿ ಬಾಟಲಿ ಒಣಗದಂತೆ ನೋಡಿಕೊಳ್ಳಬೇಕು, ಅಷ್ಟೆ.

ಮುಂದಿನದು ಸಲ್ಫೈಡ್. ಅಡುಗೆಮನೆಯಲ್ಲಿ ಅದರ ವಾಸನೆ ಬಂದರೆ ಹೆಂಗಸರು ಮತ್ತೆ ಸಿಲಿಂಡರ್ ಕೇಳುತ್ತಾರೆ, ಕೇಳುವುದು ನ್ಯಾಯವೇ. ಒಲೆಯ ಹಿತ್ತಾಳೆ ಭಾಗಗಳನ್ನೂ ಅದು ತಿನ್ನುತ್ತದೆ. ಇದಕ್ಕೆ ಮದ್ದು ಕಬ್ಬಿಣದ ತುಕ್ಕು. ಲೇತ್ ಅಂಗಡಿಯಿಂದ ಕಬ್ಬಿಣದ ಸುರುಳಿ ಚೂರುಗಳನ್ನು ತಂದು ಅಂಗಳದಲ್ಲಿ ಹರಡಿ ದಿನಾ ನೀರು ಚಿಮುಕಿಸಿದರೆ ಚೆನ್ನಾಗಿ ಕೆಂಪು ತುಕ್ಕು ಹಿಡಿಯುತ್ತದೆ. ನಾಲ್ಕಿಂಚಿನ ಪಿವಿಸಿ ಪೈಪಿನ ಎರಡಡಿ ತುಂಡಿಗೆ ಕೆಳಗೂ ಮೇಲೂ ತೆಂಗಿನ ನಾರಿನ ಉಂಡೆ ಇಟ್ಟು, ನಡುವೆ ಈ ಚೂರುಗಳನ್ನು ಸಡಿಲವಾಗಿ ತುಂಬಿಸಿ, ಗ್ಯಾಸ್ ಕೆಳಗಿನಿಂದ ಹೊಕ್ಕು ಮೇಲಿನಿಂದ ಹೊರಡುವ ಹಾಗೆ ನಿಲ್ಲಿಸಿದ್ದೇವೆ. ಸಲ್ಫೈಡ್ ತುಕ್ಕಿನ ಜೊತೆ ಸೇರಿ ಕಪ್ಪು ಕಬ್ಬಿಣದ ಸಲ್ಫೈಡ್ ಆಗುತ್ತದೆ. ಕೆಲಸ ಮಾಡುತ್ತಿದೆಯೇ ಎಂದು ನೋಡಲು, ಹುಣಸೆಹುಳಿಯಲ್ಲಿ ಬೆಳಗಿದ ತಾಮ್ರದ ತುಂಡೊಂದನ್ನು ಉರಿ ಹಚ್ಚದೆ ಗ್ಯಾಸಿನ ಎದುರು ಸ್ವಲ್ಪ ಹೊತ್ತು ಹಿಡಿದೆ. ಫಿಲ್ಟರಿನ ಮೊದಲು ತಾಮ್ರ ಕಪ್ಪಾಯಿತು, ಫಿಲ್ಟರ್ ದಾಟಿದ ಮೇಲೆ ಹೊಳಪು ಉಳಿಯಿತು.

ಚೂರುಗಳೆಲ್ಲ ಕಪ್ಪಾದಾಗ ಎಸೆಯಬೇಕಾಗಿಲ್ಲ. ಹೊರತೆಗೆದು ಗಾಳಿಗೆ ಹರಡಿದರೆ ಆಮ್ಲಜನಕ ಸೇರಿ ಮತ್ತೆ ತುಕ್ಕಾಗುತ್ತದೆ, ಗಂಧಕ ಬೇರೆಯಾಗಿ ಅಲ್ಲೇ ಉಳಿಯುತ್ತದೆ. ಆಗ ಅದು ಬಿಸಿಯಾಗುತ್ತದೆ, ರಾಶಿ ಹಾಕಿದರೆ ಹೊತ್ತಿಕೊಳ್ಳುವಷ್ಟು. ಸಿಮೆಂಟಿನ ನೆಲದ ಮೇಲೆ ತೆಳ್ಳಗೆ ಹರಡಿ ನೀರು ಚಿಮುಕಿಸುತ್ತಿರಬೇಕು. ಗೋಣಿಯ ಮೇಲೆ, ತರಗೆಲೆಯ ಹತ್ತಿರ ಹಾಕಲೇಬಾರದು.

ಒಲೆ ಅಟ್ಟದಲ್ಲಿತ್ತು, ಬೀಡಿನ ಕಬ್ಬಿಣದ ಹಳೆಯ ಗೊಬ್ಬರ ಗ್ಯಾಸ್ ಒಲೆ. ಸಿಲಿಂಡರಿನ ಒಲೆಯನ್ನು ನೇರ ಜೋಡಿಸಿದರೆ ಉರಿಯುವುದಿಲ್ಲ. ಎಲ್‌ಪಿಜಿ ಒಲೆಗೆ ಬರುವ ಒತ್ತಡ ಸುಮಾರು 30 ಸೆಂಟಿಮೀಟರ್ ನೀರಿನಷ್ಟು, ಅದರ ಶಾಖವೂ ಹೆಚ್ಚು, ಹಾಗಾಗಿ ಅದರ ಜೆಟ್ಟಿನ (ಗ್ಯಾಸ್ ಚಿಮ್ಮುವ ಮೂತಿಯ) ತೂತು ಸೂಜಿಮೊನೆಯಷ್ಟು. ನಮ್ಮ ಗ್ಯಾಸಿಗೆ ಎರಡು ಮಿಲಿಮೀಟರಿಗಿಂತ ತುಸು ದೊಡ್ಡ ತೂತು ಬೇಕು. ಗಾಳಿಯ ಲೆಕ್ಕವೂ ಬೇರೆ: 60 ಪಾಲು ಮೀಥೇನ್ ಇರುವ ಒಂದು ಲೀಟರ್ ಗೊಬ್ಬರ ಗ್ಯಾಸ್ ಪೂರ್ತಿ ಉರಿಯಲು ಆರು ಲೀಟರಿಗಿಂತ ಸ್ವಲ್ಪ ಕಡಿಮೆ ಗಾಳಿ ಸಾಕು, ಎಲ್‌ಪಿಜಿಗೆ ಅದರ ನಾಲ್ಕು ಪಟ್ಟಿಗೂ ಹೆಚ್ಚು ಬೇಕು. ಹಳೆಯ ಜೆಟ್ ತುಕ್ಕಿನಿಂದ ಕಟ್ಟಿಕೊಂಡಿತ್ತು. 2.3 ಮಿಲಿಮೀಟರ್ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ಬಿಡಿಸಿದೆ. ಆದರೂ ಅಮ್ಮ, "ಉರಿ ಉದ್ದ ಕಾಣ್ತದೆ ಮಗಾ, ಹಾಲು ಉಕ್ಕುವುದಿಲ್ಲ" ಎಂದರು. ಉರಿ ಹಳದಿ ಇತ್ತು, ಗಾಳಿ ಸಾಲದು. ಗಾಳಿಯ ಕಿಂಡಿ ಹಿಗ್ಗಿಸಿದಾಗ ಉರಿ ಗಿಡ್ಡವಾಗಿ ನೀಲಿಯಾಯಿತು. ಇನ್ನೂ ಹಿಗ್ಗಿಸಿದರೆ ಬರ್ನರಿನಿಂದ ಎದ್ದು ಹಾರಿ ಆರಿಹೋಗುತ್ತದೆ. ನೀಲಿಯಾಗಿ ಬರ್ನರಿಗೆ ಅಂಟಿಕೊಂಡು ನಿಲ್ಲುವ ಜಾಗದಲ್ಲಿ ಸ್ಕ್ರೂ ಬಿಗಿದೆ. ಅಮ್ಮ ಈಗ ಕುಚ್ಚಲಕ್ಕಿ ಅನ್ನವನ್ನೂ ಅದರಲ್ಲೇ ಬೇಯಿಸುತ್ತಾರೆ.

ಗುಂಡಿಗೆ ಮೊದಲ ತುಂಬುವಿಕೆಗೆ ನಮ್ಮ ಹಟ್ಟಿಯ ಸೆಗಣಿ ಸಾಲಲಿಲ್ಲ, ಹತ್ತಿರದ ಮನೆಗಳಿಂದಲೂ ತಂದೆವು. ಸೆಗಣಿಗೆ ಸಮ ನೀರು. ನೀರು ಗುಡ್ಡಕ್ಕೆ ಅಡ್ಡಲಾಗಿ ಕೊರೆದ ನಮ್ಮ ಸುರಂಗದ್ದು, ಕ್ಲೋರಿನ್ ಇಲ್ಲದ್ದರಿಂದ ಸೂಕ್ಷ್ಮಜೀವಿಗಳಿಗೆ ಹಿತ. ಕೈಯಲ್ಲಿ ಹಿಸುಕಿ ಗಂಟು ಒಡೆದು, ಹುಲ್ಲು, ಕಲ್ಲು ಹೆಕ್ಕಿ, ತೊಟ್ಟಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟು ಮರಳು ಕೂತ ಮೇಲೆ ಒಳಬಿಟ್ಟೆವು. ಹೆಪ್ಪು ಬೇಕಲ್ಲ, ಚಾಲ್ತಿಯಲ್ಲಿರುವ ಒಂದು ಸ್ಥಾವರದಿಂದ ಕೆಲವು ಕೊಡ ಬಗ್ಗಡ ತಂದು ಸೇರಿಸಿದೆವು. ಮೀಥೇನ್ ಮಾಡುವ ಜೀವಿಗಳು ನಿಧಾನವಾಗಿ ಹೆಚ್ಚುವಂಥವು, ಹೊರಗಿನಿಂದ ತಂದು ಹಾಕಿದರೆ ವಾರಗಟ್ಟಲೆ ಕಾಯುವುದು ತಪ್ಪುತ್ತದೆ. ಮೊದಲು ಬರುವ ಗ್ಯಾಸ್ ಉರಿಯುವುದಿಲ್ಲ. ಅದರಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಡ್ರಮ್ಮಿನಲ್ಲಿ ಉಳಿದ ಗಾಳಿಯೂ ಬೆರೆತಿರುತ್ತದೆ. ಗಾಳಿ ಬೆರೆತ ಮೀಥೇನಿಗೆ ಕಡ್ಡಿ ಗೀರಿದರೆ ಉರಿ ಪೈಪಿನೊಳಗೆ ಹಿಂದಕ್ಕೆ ಓಡಬಹುದು. ಡ್ರಮ್ ತುಂಬಿದ್ದನ್ನು ಎರಡು ಸಲ ಪೂರ್ತಿ ಬಯಲಿಗೆ ಬಿಟ್ಟು, ಆಮೇಲೆ ಒಲೆಯಲ್ಲಿ ಹಚ್ಚಿದೆವು. ಡ್ರಮ್ಮಿನ ಬಾಯಲ್ಲಿ ಎಂದೂ ಹಚ್ಚಿ ನೋಡಬಾರದು.

ಈಗ ಹಟ್ಟಿಯಲ್ಲಿರುವುದು ಎರಡು ಮಿಶ್ರತಳಿ ದನ, ಒಂದು ಕಾಸರಗೋಡು ಗಿಡ್ಡ. ಗಿಡ್ಡ ತಿನ್ನುವುದೂ ಕಡಿಮೆ, ಹಾಕುವುದೂ ಕಡಿಮೆ. ಒಟ್ಟು ದಿನಕ್ಕೆ 30 ಕಿಲೋ ಸೆಗಣಿ. ಕಿಲೋ ಸೆಗಣಿಗೆ 40 ಲೀಟರ್ ಗ್ಯಾಸ್ ಎಂಬುದು ಎಲ್ಲರೂ ಹಿಡಿಯುವ ಲೆಕ್ಕ, ಅದರಂತೆ ದಿನಕ್ಕೆ 1.2 ಘನ ಮೀಟರ್. ಒಂದು ಘನ ಮೀಟರ್ ಗೊಬ್ಬರ ಗ್ಯಾಸ್ ಸುಮಾರು 0.43 ಕಿಲೋ ಎಲ್‌ಪಿಜಿಗೆ ಸಮ. ಹಾಗಾಗಿ ತಿಂಗಳಿಗೆ 15 ಕಿಲೋ ಚಿಲ್ಲರೆ, 14.2 ಕಿಲೋದ ಒಂದು ಸಿಲಿಂಡರಿಗಿಂತ ತುಸು ಹೆಚ್ಚು. ಅಜ್ಜನ ಕಾಲಕ್ಕಿಂತ ಸೆಗಣಿ ಕಡಿಮೆಯಾದ್ದರಿಂದ ಅದು ಗುಂಡಿಯಲ್ಲಿ ಎಪ್ಪತ್ತು ದಿನದಷ್ಟು ಕಾಲ ಇರುತ್ತದೆ. ನಮ್ಮ ಸೆಕೆಯ ಊರಿಗೆ ಅಷ್ಟು ಬೇಕಾಗಿಲ್ಲ, ನಲವತ್ತು ದಿನ ಸಾಕು. ಆದರೆ ಹೆಚ್ಚು ಹೊತ್ತು ಇದ್ದಷ್ಟೂ ಬಗ್ಗಡ ಚೆನ್ನಾಗಿ ಕಳಿತು ವಾಸನೆ ಇಲ್ಲದೆ ಹೊರಬರುತ್ತದೆ.

ಜಾಗ ಇರುವುದರಿಂದ ಅಡುಗೆಮನೆಯ ಗಂಜಿತಿಳಿ, ಹಳಸಿದ ಅನ್ನ, ಬಾಳೆಹಣ್ಣಿನ ಸಿಪ್ಪೆಯನ್ನೂ ಹಾಕುತ್ತೇವೆ. ಪಿಷ್ಟ, ಸಕ್ಕರೆ ಇರುವ ವಸ್ತು ಸೆಗಣಿಗಿಂತ ಎಷ್ಟೋ ಪಟ್ಟು ಗ್ಯಾಸ್ ಕೊಡುತ್ತದೆ. ದನ ತನಗೆ ಬೇಕಾದದ್ದನ್ನು ಹೀರಿಕೊಂಡು ಉಳಿದದ್ದನ್ನಲ್ಲವೇ ಹಾಕುವುದು. ಪುಣೆಯಲ್ಲಿ ಆನಂದ ಕರ್ವೆಯವರ ಆರ್ತಿ ಸಂಸ್ಥೆ ಇದೇ ತತ್ವದ ಮೇಲೆ ಪೇಟೆ ಮನೆಗಳಿಗೆ ಸಣ್ಣ ಸ್ಥಾವರ ಮಾಡಿ 2006ರಲ್ಲಿ ಬ್ರಿಟನ್ನಿನ ಆಶ್‌ಡೆನ್ ಪ್ರಶಸ್ತಿ ಪಡೆಯಿತು. ಆದರೆ ಒಮ್ಮೆಲೇ ಹೆಚ್ಚು ಹಾಕಬಾರದು. ಹಲಸಿನ ಕಾಲದಲ್ಲಿ ಹಣ್ಣಿನ ರೆಚ್ಚೆಯನ್ನು ಬುಟ್ಟಿಗಟ್ಟಲೆ ಸುರಿದರೆ ಹುಳಿ ಮಾಡುವ ಜೀವಿಗಳು ಮುಂದೋಡಿ, ಮೀಥೇನ್ ಮಾಡುವವು ಹಿಂದುಳಿದು, ಗುಂಡಿಯೇ ಹುಳಿಯಾಗಿ ಗ್ಯಾಸ್ ನಿಲ್ಲುತ್ತದೆ. ಹುಳಿ ಎಷ್ಟೆಂದು ತೋರಿಸುವ ಪಿಎಚ್ ಕಾಗದ ಇಟ್ಟುಕೊಂಡು ವಾರಕ್ಕೊಮ್ಮೆ ನೋಡುವುದು ಒಳ್ಳೆಯದು. ಏಳರ ಆಸುಪಾಸು ಇರಬೇಕು. ಆರೂವರೆಗಿಂತ ಕೆಳಗಿಳಿದರೆ ಕೆಲವು ದಿನ ಏನೂ ಹಾಕದೆ ಬಿಟ್ಟು, ಬೂದಿ ಅಥವಾ ಸುಣ್ಣದ ತಿಳಿ ಸ್ವಲ್ಪ ಸೇರಿಸಬೇಕು.

ಅಡಿಕೆ ಸಿಪ್ಪೆ, ಗೆರಟೆ, ಸೋಗೆ ಯಾವುದನ್ನೂ ಗುಂಡಿಗೆ ಹಾಕುವುದಿಲ್ಲ. ಅವುಗಳಲ್ಲಿರುವ ಲಿಗ್ನಿನ್ ಎಂಬ ಮರದ ಗಟ್ಟಿ ಅಂಶ ಗಾಳಿಯಿಲ್ಲದ ಕಡೆ ಕರಗುವುದೇ ಇಲ್ಲ, ತೇಲಿ ಪದರ ಕಟ್ಟುತ್ತದೆ. ಗೆರಟೆ, ಒಣ ಸಿಪ್ಪೆ ಬಚ್ಚಲೊಲೆಗೆ. ಅಲ್ಲಿಗೆ ಗ್ಯಾಸಿನ ಪೈಪು ಎಳೆಯೋಣವೇ ಎಂದು ಮನೆಯಲ್ಲಿ ಮಾತು ಬಂತು. ನನಗೆ ಒಪ್ಪಿಗೆಯಾಗಲಿಲ್ಲ. ಹಂಡೆ ನೀರು ಕಾಯಿಸಲು ತೋಟದಲ್ಲಿ ಬಿದ್ದದ್ದೇ ಧಾರಾಳ ಇದೆ, ಗ್ಯಾಸ್ ಅಡುಗೆಗೆ ಇರಲಿ.

ಬಗ್ಗಡದ ಬೆಲೆ ಗ್ಯಾಸಿಗಿಂತ ಕಡಿಮೆಯಲ್ಲ, ನನ್ನ ಲೆಕ್ಕದಲ್ಲಿ ಹೆಚ್ಚೇ. ಗುಂಡಿಯಲ್ಲಿ ಸೆಗಣಿಯಿಂದ ಹೊರಟುಹೋಗುವುದು ಹೆಚ್ಚಾಗಿ ಇಂಗಾಲ, ಜಲಜನಕ ಮತ್ತು ಆಮ್ಲಜನಕ. ಸಾರಜನಕ, ರಂಜಕ, ಪೊಟ್ಯಾಷ್ ಹಾಗೇ ಉಳಿಯುತ್ತವೆ, ಸಾರಜನಕದ ಒಂದು ಪಾಲು ಬೇರು ಕೂಡಲೇ ಹೀರುವ ಅಮೋನಿಯಂ ರೂಪಕ್ಕೆ ಬರುತ್ತದೆ. ದಿನಕ್ಕೆ ಹೊರಬರುವ 60 ಲೀಟರಿನಲ್ಲಿ ಒಣ ಅಂಶ ನಾಲ್ಕು ಕಿಲೋ ಹತ್ತಿರ, ಅದರಲ್ಲಿ ನೂರಕ್ಕೆ ಒಂದೂವರೆ ಪಾಲು ಸಾರಜನಕ ಎಂದು ಹಿಡಿದರೆ 60 ಗ್ರಾಂ ಸಿಗುತ್ತದೆ. ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ, ನಾವೆಲ್ಲ ಸಿಪಿಸಿಆರ್‌ಐ ಎನ್ನುವುದು, ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಶಿಫಾರಸು ಮಾಡುತ್ತದೆ. ಆ ಲೆಕ್ಕದಲ್ಲಿ ಮೂರು ದನಗಳ ಬಗ್ಗಡ ವರ್ಷಕ್ಕೆ ಇನ್ನೂರಕ್ಕೂ ಹೆಚ್ಚು ಮರಗಳ ಸಾರಜನಕದ ಅಗತ್ಯ ಪೂರೈಸಬಲ್ಲದು. ಬಿಸಿಲಿನಲ್ಲಿ ಒಣಗಿಸಿದರೆ ಅಮೋನಿಯಾ ಆವಿಯಾಗಿ ನಷ್ಟವಾಗುತ್ತದೆ, ಹಸಿಯಾಗಿಯೇ ಬುಡಕ್ಕೆ ಹೋಗಬೇಕು. ಪೊಟ್ಯಾಷ್ ಮಾತ್ರ ಇದರಿಂದ ಸಾಲುವುದಿಲ್ಲ. ಬಚ್ಚಲೊಲೆಯ ಬೂದಿಯನ್ನು ಮಳೆ ತಾಗದಂತೆ ಕೂಡಿಟ್ಟು ಬೇರೆಯೇ ಹಾಕುತ್ತೇವೆ. ಬೂದಿಯನ್ನು ಬಗ್ಗಡಕ್ಕೆ ಬೆರೆಸಿದರೆ ಅಮೋನಿಯಾ ಹಾರಿಹೋಗುತ್ತದೆ.

ಬೇಸಗೆಯಲ್ಲಿ ಬಗ್ಗಡವನ್ನು ಸೋಸಿ ಪಂಪಿನಲ್ಲಿ ನೇರ ಬುಡಕ್ಕೆ ಬಿಡುತ್ತೇವೆ. ಮಳೆಗಾಲದಲ್ಲಿ ಹಾಗೆ ಮಾಡಲಾಗದು. ನಮ್ಮಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಆಗ ಬಿಟ್ಟ ಬಗ್ಗಡ ಕಣಿಗೆ ಇಳಿದು, ತೋಡು ಸೇರಿ, ಶಿರಿಯಾ ಹೊಳೆಯಲ್ಲಿ ಕುಂಬಳೆ ಕಡೆಗೆ ಹೋಗುತ್ತದೆ. ಗೊಬ್ಬರವೂ ಹೋಯಿತು, ಹೊಳೆಯೂ ಕೆಟ್ಟಿತು. ಅದಕ್ಕೆ ಮಾಡಿನಡಿ ಅಡಿಕೆ ಸಿಪ್ಪೆ, ಕತ್ತರಿಸಿದ ಸೋಗೆ, ತೆಂಗಿನ ಗರಿ ರಾಶಿ ಹಾಕಿ ಮಳೆಗಾಲದ ಬಗ್ಗಡವನ್ನೆಲ್ಲ ಅದಕ್ಕೆ ಕುಡಿಸುತ್ತಿದ್ದೇವೆ. ಗುಂಡಿ ಒಪ್ಪದ ಕಸಕ್ಕೆ ಇಲ್ಲಿ ಕೆಲಸ ಸಿಕ್ಕಿತು. ತೆಂಗಿನ ಗರಿಯನ್ನು ಗೊಬ್ಬರ ಮಾಡುವ ಎರೆಹುಳವನ್ನು ಸಿಪಿಸಿಆರ್‌ಐ ಗುರುತಿಸಿದೆ, ಯೂಡ್ರಿಲಸ್ ಜಾತಿಯ ಸ್ಥಳೀಯ ತಳಿ. ಹತ್ತು ಪಾಲು ಗರಿಗೆ ಒಂದು ಪಾಲು ಸೆಗಣಿ ಅವರ ಕ್ರಮ. ಆ ಹುಳಗಳನ್ನು ತಂದು ಬಗ್ಗಡ ಕುಡಿದು ಆರಿದ ರಾಶಿಗೆ ಬಿಟ್ಟಿದ್ದೇವೆ. ಹಸಿ ಬಗ್ಗಡಕ್ಕೆ ಕೂಡಲೇ ಬಿಡಬಾರದು, ಅಮೋನಿಯಾಕ್ಕೆ ಸಾಯುತ್ತವೆ. ತೆಂಗಿನ ಗರಿ ಬೇಗ ಪುಡಿಯಾಗುತ್ತಿದೆ, ಅಡಿಕೆ ಸಿಪ್ಪೆ ತಡ ಮಾಡುತ್ತಿದೆ. ಹಾಗಾಗಿ ಸಿಪ್ಪೆಯ ರಾಶಿಯನ್ನು ಬೇರೆ ಮಾಡಿದ್ದೇವೆ.

ಗುಂಡಿಯ ಮೇಲೆ ಶೀಟಿನ ಮಾಡು ಇಳಿಸಿದ್ದೇವೆ. ಡ್ರಮ್ಮಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಮಳೆನೀರು ಬಿದ್ದರೆ ಬಗ್ಗಡ ತೆಳುವಾಗಿ ಗ್ಯಾಸ್ ಇಳಿಯುತ್ತದೆ. ಮಾಡು ಇದ್ದರೆ ಫೈಬರಿಗೆ ಬಿಸಿಲೂ ತಾಗುವುದಿಲ್ಲ. ಹೊರಹೋಗುವ ತೊಟ್ಟಿಗೆ ಸೊಳ್ಳೆ ಬಲೆ ಹೊದಿಸಿದ್ದಾಗಿದೆ. ಮಳೆ ಬಿಟ್ಟ ಮೇಲೆ ಮಾಡುವುದಕ್ಕೆ ಎರಡು ಕೆಲಸ ಬಾಕಿ. ಸೆಗಣಿ ಕಲಸುವ ತೊಟ್ಟಿಗೆ ಕೈಯಿಂದ ತಿರುಗಿಸುವ ಕಡೆಗೋಲು ಕೂರಿಸಬೇಕು, ತೊಟ್ಟಿಯ ತಳವನ್ನು ಒಂದು ಬದಿಗೆ ಇಳಿಜಾರು ಮಾಡಿ ಮರಳು ತೆಗೆಯಲು ಬೇರೆ ಬಾಯಿ ಇಡಬೇಕು. ಮರಳು ತೊಟ್ಟಿಯಲ್ಲೇ ನಿಂತರೆ ಗುಂಡಿಯನ್ನು ಇನ್ನು ಬೇಗನೆ ಖಾಲಿ ಮಾಡಬೇಕಾಗಿ ಬರುವುದಿಲ್ಲ.